ಗಬ್ಬು ಶ್ಯಾವಂತಿ ರಾಮಾಯಣದ ಗಿಡವೇ?

ಮೊನ್ನೆ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಬದುವಿನ ಮೇಲೆ ಬೆಳೆಯುವ ಗಬ್ಬು ಶ್ಯಾವಂತಿ. ಕೆಲವು ಕಡೆ ಇದಕ್ಕೆ ಜಯಂತಿ ಅನ್ನುತ್ತಾರೆ. ಲಕ್ಷ್ಮಣನಿಗಾಗಿ ಹನುಮಂತ ತಂದ ವಿಶಲ್ಯಕರಣಿ ಇದೇ ಅಂತ ಕೆಳಗೆ ಬರೆದಿತ್ತು.

ಗಿಡ ಎಲ್ಲರಿಗೂ ಗೊತ್ತಿರುವುದೇ. ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ, ಉದ್ದ ತೊಟ್ಟಿನ ತುದಿಗೆ ಒಂದೇ ಹೂ. ನಡುವೆ ಹಳದಿ, ಸುತ್ತ ನಾಲ್ಕೈದು ಮಾಸಲು ಎಸಳು. ಕುಡುಗೋಲು ತಾಗಿದರೆ ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಗಾಯಕ್ಕೆ ರಸ ಹಿಂಡುತ್ತೇವೆ.

ಆದರೆ ಇದು ರಾಮಾಯಣದ ಗಿಡವಾಗಲು ಸಾಧ್ಯವಿಲ್ಲ. ಇದರ ತವರು ಮೆಕ್ಸಿಕೊ ಮತ್ತು ಅದರ ದಕ್ಷಿಣದ ಅಮೆರಿಕ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂದು ಹೆಸರಿಟ್ಟಾಗ, ನೆಲೆ ಅಂತ ಬರೆದದ್ದು ಮೆಕ್ಸಿಕೊದ ವೆರಾಕ್ರುಜ್ ಬಂದರನ್ನು. ಆ ಕಡೆಯ ಗಿಡಗಳು ಹಡಗು ಹತ್ತಿ ಇತ್ತ ಬರತೊಡಗಿದ್ದು 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ. ಚರಕ, ಸುಶ್ರುತರು ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನವರು.

ಹೆಸರನ್ನೇ ನೋಡಿ. ಹೊಸದು ಬಂದಾಗ ನಮ್ಮವರು ಗೊತ್ತಿದ್ದ ಹೆಸರಿಗೇ ಏನಾದರೂ ಸೇರಿಸಿ ಕರೆದಿದ್ದಾರೆ. ಮೆಣಸಿನಂತೆ ಖಾರ ಇದ್ದದ್ದು ಮೆಣಸಿನಕಾಯಿ ಆಯಿತು, ಪರಂಗಿಯವರ ಜೊತೆ ಬಂದದ್ದು ಪರಂಗಿ ಹಣ್ಣು. ಎರಡೂ ಅಮೆರಿಕದವೇ. ಸೇವಂತಿಗೆಯ ಹಾಗೆ ಕಂಡು, ಮುರಿದರೆ ಗಬ್ಬು ವಾಸನೆ ಬಂದದ್ದು ಗಬ್ಬು ಶ್ಯಾವಂತಿ ಆಗಿರಬೇಕು ಅಂತ ನಮ್ಮ ಊಹೆ.

ಇದರ ದಾಯಾದಿಯೊಂದು 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡಿತು. ಅದೂ ಸೇವಂತಿಗೆ ಕುಟುಂಬದ್ದೇ, ಅಮೆರಿಕದಿಂದಲೇ ಬಂದದ್ದು. ಅದನ್ನು ನಾವು ಕಾಂಗ್ರೆಸ್ ಕಸ ಅಂದು ಇವತ್ತಿಗೂ ಬೈದುಕೊಂಡೇ ಕೀಳುತ್ತೇವೆ. ಗಬ್ಬು ಶ್ಯಾವಂತಿಗೆ ಮಾತ್ರ ಮದ್ದಿನ ಸ್ಥಾನ ಸಿಕ್ಕಿತು.

ಆ ಸ್ಥಾನ ಕೊಟ್ಟವರು ಯಾರು? ಗ್ರಂಥ ಬರೆದವರಲ್ಲ. ಹೊಲದಲ್ಲಿ ಕಳೆ ಕೀಳುತ್ತಿದ್ದ, ದನ ಮೇಯಿಸುತ್ತಿದ್ದ ಜನ. ಕೈ ಕೊಯ್ದುಕೊಂಡಾಗ ಪಕ್ಕದಲ್ಲಿದ್ದ ಪರದೇಶಿ ಸೊಪ್ಪನ್ನು ಹಿಂಡಿ ನೋಡಿದರು, ಗುಣ ಕಂಡರು, ಮಕ್ಕಳಿಗೆ ಹೇಳಿದರು. ಮುಂದೆ ಪ್ರಯೋಗಾಲಯಗಳಲ್ಲಿ ಇಲಿಗಳ ಗಾಯದ ಮೇಲೆ ಇದರ ರಸವನ್ನು ಪರೀಕ್ಷಿಸಿದ್ದೂ ಜನರ ಈ ಬಳಕೆಯನ್ನು ನೋಡಿಯೇ. ಇದನ್ನೆಲ್ಲ ಹನುಮಂತನ ಲೆಕ್ಕಕ್ಕೆ ಬರೆದರೆ ನಮ್ಮ ಅಜ್ಜಿಯರ ಕೆಲಸ ಅಳಿಸಿಹೋಗುತ್ತದೆ. ಫೋಟೊ ನೋಡಿದಾಗ ನಮಗೆ ಬೇಸರವಾದದ್ದು ಅದಕ್ಕೇ.

ಒಂದು ಮಾತು: ತುಕ್ಕು ಹಿಡಿದ ಕುಡುಗೋಲಾದರೆ, ಗಾಯ ಆಳವಾದರೆ, ಸೊಪ್ಪು ಹಿಂಡಿ ಸುಮ್ಮನೆ ಕೂರಬೇಡಿ. ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಗ್ರೂಪಿನಲ್ಲಿ ಇಷ್ಟನ್ನೂ ಬರೆದೆವು. ಫೋಟೊ ಕಳಿಸಿದ್ದ ಗೆಳೆಯ ಓದಿ, "ಹಾಗಾದ್ರೆ ಮೆಣಸಿನಕಾಯೀನೂ ನಮ್ದಲ್ವಾ?" ಅಂತ ಕೇಳಿದ.