ತಪಾಸ್

ತಪಾಸ್: ಸ್ಪೇನ್ ದೇಶದ ಪಾನಗೃಹಗಳಲ್ಲಿ ದ್ರಾಕ್ಷಾಮದ್ಯ, ಷೆರಿ, ಬಿಯರ್ ಮೊದಲಾದ ಪಾನೀಯಗಳೊಡನೆ ಅಲ್ಪ ಪ್ರಮಾಣದಲ್ಲಿ ನೀಡಲಾಗುವ ಉಪಾಹಾರಗಳು. ನಿಯತವಾದ ಒಂದು ಪಾಕವಿಶೇಷವೆನ್ನುವುದಕ್ಕಿಂತ ಇದನ್ನು ಒಂದು ಭೋಜನಪದ್ಧತಿಯೆಂದು ಪರಿಗಣಿಸುವುದೇ ಯುಕ್ತ. ಇದರ ಉಗಮವನ್ನು 13ನೆಯ ಶತಮಾನದ ದೊರೆ ಹತ್ತನೆಯ ಆಲ್ಫೊನ್ಸೊನಿಗೆ ಆರೋಪಿಸುವ ಐತಿಹ್ಯವು ಪ್ರಚಲಿತವಾಗಿದ್ದರೂ ಅದಕ್ಕೆ ದೃಢವಾದ ಆಧಾರವಿಲ್ಲ. ದಕ್ಷಿಣದ ಆಂಡಲೂಸಿಯ ಪ್ರಾಂತದೊಡನೆ ಈ ರೂಢಿಯ ಸಂಬಂಧ ನಿಕಟವಾದುದು.

ಉಪ್ಪಿನಲ್ಲಿ ಹದಗೊಳಿಸಿ ತಿಂಗಳುಗಟ್ಟಲೆ ಒಣಗಿಸಿದ ಹಂದಿಯ ತೊಡೆಮಾಂಸವಾದ ಹಾಮೋನ್, ಆಲಿವ್ ಕಾಯಿ, ಬೆಳ್ಳುಳ್ಳಿಯೊಡನೆ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಸೀಗಡಿ, ಮೊಟ್ಟೆ ಮತ್ತು ಆಲೂಗಡ್ಡೆಗಳಿಂದಾದ ದಪ್ಪನೆಯ ತೋರ್ತಿಯ, ಖಾರದ ಸಾಸ್ ಸುರಿದ ಆಲೂಗಡ್ಡೆಯ ಹುರಿದ ತುಂಡುಗಳು ಇವುಗಳಲ್ಲಿ ಪ್ರಸಿದ್ಧವಾದವು. ಸ್ಪೇನಿನಲ್ಲಿ ರಾತ್ರಿಯ ಊಟವು ಸಾಮಾನ್ಯವಾಗಿ ಒಂಬತ್ತು ಗಂಟೆಯ ತರುವಾಯ ನಡೆಯುವುದರಿಂದ, ಅದಕ್ಕೆ ಮುನ್ನ ಮಿತ್ರರು ಗುಂಪುಗೂಡಿ, ಪಾನಗೃಹದ ಕಟ್ಟೆಯ ಬಳಿ ನಿಂತೇ ಒಂದೆರಡು ತಿನಿಸುಗಳನ್ನು ಹಂಚಿಕೊಂಡು, ಬೀದಿಯ ಮತ್ತೊಂದು ಪಾನಗೃಹಕ್ಕೆ ತೆರಳುವುದು ವಾಡಿಕೆ. ಇದರ ಜೀವಾಳವಿರುವುದು ಈ ಸಂಚಾರದಲ್ಲಿಯೂ ಸಲ್ಲಾಪದಲ್ಲಿಯೂ ಎನ್ನಬೇಕು. ಗ್ರನಾಡ ನಗರದಲ್ಲಿ ಪಾನೀಯವನ್ನು ಕೊಂಡವರಿಗೆ ತಿನಿಸನ್ನು ಉಚಿತವಾಗಿ ಕೊಡುವ ಸಂಪ್ರದಾಯವು ಇಂದಿಗೂ ಉಳಿದಿದೆ. ಅನ್ಯತ್ರ ಹಲವೆಡೆ ಬೆಲೆ ತೆರಬೇಕು.

ಉತ್ತರದ ಬಾಸ್ಕ್ ಪ್ರಾಂತದಲ್ಲಿ ರೊಟ್ಟಿಯ ಹೋಳಿನ ಮೇಲೆ ವ್ಯಂಜನವನ್ನಿರಿಸಿ ಕಡ್ಡಿಯಿಂದ ಚುಚ್ಚಿದ ಪಿಂಚೊ ಎಂಬ ಪ್ರಭೇದವುಂಟು. ತಟ್ಟೆಯಲ್ಲುಳಿದ ಕಡ್ಡಿಗಳನ್ನೆಣಿಸಿ ಹಣ ಪಡೆಯುವ ಕ್ರಮವು ಕೆಲವೆಡೆ ಇದೆ. ಆಲಿವ್, ಹಸಿರು ಮೆಣಸಿನಕಾಯಿ, ಆಂಚೊವಿ ಮೀನುಗಳನ್ನು ಪೋಣಿಸಿದ ಸಾನ್ ಸೆಬಾಸ್ಟಿಯನ್ ನಗರದ 'ಹಿಲ್ಡಾ' 1946ರ ಹಾಲಿವುಡ್ ಚಲಚ್ಚಿತ್ರವೊಂದರ ನಾಯಿಕೆಯ ಹೆಸರನ್ನು ಹೊತ್ತಿದೆ. ಸ್ಪೇನಿನ ಹೊರಗಣ ಉಪಾಹಾರಗೃಹಗಳಲ್ಲಿ ಇಂಥ ಹಲವು ತಟ್ಟೆಗಳನ್ನು ಒಂದೇ ಮೇಜಿನಲ್ಲಿ ಹಂಚಿಕೊಂಡು ಪೂರ್ಣಭೋಜನವನ್ನಾಗಿಸುವ ರೀತಿ ಬೆಳೆದಿದೆ.