ಮನೆಯ ಲೆಕ್ಕ, ಸರ್ಕಾರದ ಲೆಕ್ಕ: ಹಳೆಯ ಮೈಸೂರಿನಲ್ಲಿ ಜನಸಂಖ್ಯೆಯ ಕುರಿತ ಜನರ ನಿಲುವು

ಹಳ್ಳಿಯವರು ತಿಳಿಯದೆ ಹೆಚ್ಚು ಮಕ್ಕಳನ್ನು ಹೆರುತ್ತಿದ್ದರು, ಸರ್ಕಾರ ತಿಳಿಹೇಳಿ ತಿದ್ದಿತು ಎಂಬ ವಿವರಣೆ ನಮ್ಮಲ್ಲಿ ಬೇರೂರಿದೆ. ಹಳೆಯ ಮೈಸೂರಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಎಷ್ಟು ಮಕ್ಕಳು ಬೇಕೆಂಬುದಕ್ಕೆ ಪ್ರತಿ ಮನೆಯಲ್ಲೂ ಒಂದು ಲೆಕ್ಕವಿತ್ತು. ಹುಟ್ಟಿದ ಕೂಸು ಉಳಿಯುವುದೇ ಎಂಬ ಪ್ರಶ್ನೆಯಿಂದಲೇ ಆ ಲೆಕ್ಕ ಶುರುವಾಗುತ್ತಿತ್ತು ಎಂಬುದು ಈ ಲೇಖನದ ವಾದ.

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ, 1881ರಲ್ಲಿ 41.86 ಲಕ್ಷ. ನಡುವೆ ಧಾತು, ಈಶ್ವರ ಸಂವತ್ಸರಗಳ ಭೀಕರ ಬರ (1876–78) ಹಾದುಹೋಗಿತ್ತು. ಐದು ಹೆತ್ತರೆ ಎರಡಾದರೂ ಉಳಿದಾವು ಎಂದು ಎಣಿಸುವ ಕಾಲ ಅದು. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಎಂಬ ಗಾದೆಯಲ್ಲಿ ಕೇಳಿಸುವುದು ಹಸಿವು ಕಂಡವರ ಧೈರ್ಯ.

1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶಿಸಿತು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ ಜಗತ್ತಿನ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಗಾಂಧೀಜಿ ಕೃತಕ ವಿಧಾನಗಳನ್ನು ವಿರೋಧಿಸಿ ಸಂಯಮವನ್ನು ಬೋಧಿಸುತ್ತಿದ್ದ ವರ್ಷಗಳವು.

ಜನರ ಮನಸ್ಸನ್ನು ನೇರವಾಗಿ ಕೇಳಿದ್ದು ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ 1951–52ರಲ್ಲಿ ಕೈಗೊಂಡ ಮೈಸೂರು ಜನಸಂಖ್ಯಾ ಅಧ್ಯಯನ. ಹಲವು ಮಕ್ಕಳಿದ್ದ ದಂಪತಿಗಳಲ್ಲಿ ಬಹಳಷ್ಟು ಮಂದಿಗೆ ಇನ್ನು ಸಾಕೆನಿಸಿತ್ತು. ಹಳ್ಳಿಯಲ್ಲೂ ಆ ಮಾತಿತ್ತು. ಇಚ್ಛೆಯಿತ್ತು, ಕೈಗೆಟುಕುವ ದಾರಿಯಿರಲಿಲ್ಲ. ಅದೇ ಹೊತ್ತಿಗೆ ರಾಮನಗರದಲ್ಲಿ, ಸುರಕ್ಷಿತ ದಿನಗಳನ್ನು ಗುರುತಿಸಿಕೊಳ್ಳಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ಗಂಡನ ಒಪ್ಪಿಗೆಯಿಲ್ಲದೆ ಮಣಿ ಸರಿಸಿ ಏನು ಫಲ? ಪ್ರಯೋಗ ಬೇರೂರಲಿಲ್ಲ.

ತುರ್ತುಪರಿಸ್ಥಿತಿಯಲ್ಲಿ ಸರ್ಕಾರದ ಲೆಕ್ಕ ಮನೆಯ ಲೆಕ್ಕವನ್ನು ತುಳಿಯಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಲವಂತದ ಸುದ್ದಿ ಹರಡಿ, ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಕಂಡರೆ ಜನ ಅಂಜುವಂತಾಯಿತು. 1977ರಲ್ಲಿ ಕುಟುಂಬ ಯೋಜನೆ ‘ಕುಟುಂಬ ಕಲ್ಯಾಣ’ವಾಯಿತು. ಗಂಡಸರು ಹಿಂದೆ ಸರಿದರು. ‘ಆಪರೇಷನ್’ ಹೆಂಗಸರ ಪಾಲಿಗೇ ಉಳಿಯಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ (ಒಬ್ಬ ಹೆಣ್ಣು ಸರಾಸರಿ ಹೆರುವ ಮಕ್ಕಳ ಸಂಖ್ಯೆ) 1.7. ಲಸಿಕೆ, ಆಸ್ಪತ್ರೆಯ ಹೆರಿಗೆ, ಹೆಣ್ಣುಮಕ್ಕಳ ಓದು ಮನೆಯ ಲೆಕ್ಕವನ್ನು ಬದಲಿಸಿದವು. ಈಗ ಜನಸಂಖ್ಯೆಯನ್ನು ಆಧರಿಸಿದ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯ ಆತಂಕದಲ್ಲಿ, ದಕ್ಷಿಣದವರು ಹೆಚ್ಚು ಮಕ್ಕಳನ್ನು ಪಡೆಯಲಿ ಎಂಬ ಕರೆ ಕೇಳಿಬರುತ್ತಿದೆ. ಅಂದು ಸಾಕು ಎಂದವರಂತೆಯೇ ಇಂದು ಬೇಕು ಎನ್ನುವವರೂ ಹೆರುವವಳನ್ನು ಕೇಳಿಲ್ಲ. ಮೊದಲು ಅವಳನ್ನು ಕೇಳಬೇಕು.