ಬಾಗುಮರದ ಕುರ್ಚಿಗಳ ಕಾಲನಿರ್ಣಯ

ದುಂಡನೆಯ ಬೆನ್ನೊರಗು, ಬೆತ್ತದಿಂದ ಹೆಣೆದ ಪೀಠ, ಬೆನ್ನೊರಗಿನಿಂದಲೇ ಬಾಗಿ ಇಳಿದ ಹಿಂಗಾಲುಗಳು: ಈ ಲಕ್ಷಣಗಳುಳ್ಳ ಹಳೆಯ ಕುರ್ಚಿಗಳೆಲ್ಲವೂ ವಿಯೆನ್ನಾ ನಗರದ ಟೋನೆಟ್ ಮನೆತನದ ಕೃತಿಗಳೆಂದು ಹೇಳುವ ವಾಡಿಕೆಯುಂಟು. ಈ ಮಾತು ಪರೀಕ್ಷೆಗೆ ನಿಲ್ಲುವಂಥದಲ್ಲ.

ಮರವನ್ನು ಬಾಗಿಸುವ ವಿದ್ಯೆಯು ಬಹು ಪ್ರಾಚೀನವಾದುದು. ಬಡಗಿಯು ಒಳ್ಳೆಯ ಮರದ ನೇಮಿಯನ್ನು ಬಾಗಿಸುವನೆಂಬ ಉಪಮೆಯು ಋಗ್ವೇದದ ಏಳನೆಯ ಮಂಡಲದಲ್ಲಿಯೇ ಇದೆ. ಐತರೇಯ ಬ್ರಾಹ್ಮಣವು ರಾಜಾಭಿಷೇಕಕ್ಕೆ ವಿಧಿಸುವ ಆಸಂದಿಯಾದರೋ ಅತ್ತಿಯ ಮರಕ್ಕೆ ಮುಂಜದ ಹುಲ್ಲನ್ನು ಹೆಣೆದುದು. ಬಾಗುವಿಕೆಯೂ ಹೆಣಿಗೆಯೂ ಹಳೆಯವು. ಹೊಸದಾದುದು ಕಬ್ಬಿಣದ ಪಟ್ಟಿಯ ಉಪಾಯ.

ದಪ್ಪ ಮರವನ್ನು ಬಾಗಿಸಿದರೆ ಹೊರಮೈಯ ಎಳೆಗಳು ಹಿಗ್ಗಲಾರದೆ ಸೀಳುತ್ತವೆ. 1796ರಲ್ಲಿ ಬೋಪಾರ್ಡಿನಲ್ಲಿ ಜನಿಸಿದ ಮಿಖಾಯೆಲ್ ಟೋನೆಟನು, ಹಬೆಯಲ್ಲಿ ಮೆದುವಾದ ಬೀಚ್ ಮರದ ದಂಡದ ಹೊರಬದಿಗೆ ಪಟ್ಟಿಯನ್ನು ಬಿಗಿದು, ಎರಡನ್ನೂ ಕೂಡಿಯೇ ಅಚ್ಚಿಗೆ ಬಾಗಿಸಿದನು. ಆಗ ಹೊರಮೈ ಹಿಗ್ಗದು. ಒಳಮೈಯೇ ಕುಗ್ಗಿ ಸರಿಹೊಂದುವುದು. 1859ರ ಹದಿನಾಲ್ಕನೆಯ ಮಾದರಿಯ ಕುರ್ಚಿಗೆ ಬೇಕಾದವು ಆರು ಮರದ ಭಾಗಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು ಮಾತ್ರ. ಬಿಚ್ಚಿಟ್ಟ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಅಡಕವಾಗುತ್ತಿದ್ದವು. ಇವು ಸಮುದ್ರಗಳನ್ನು ದಾಟಿ ದೂರದೇಶಗಳಿಗೆ ಹರಡಲು ಇದೇ ಮುಖ್ಯ ಕಾರಣ. ಮುಂಬಯಿಯ ಇರಾನಿ ಹೋಟೆಲುಗಳು ಈ ಬಗೆಯ ಕುರ್ಚಿಗಳಿಗೆ ಪ್ರಸಿದ್ಧವಾದವು.

ಆದರೆ 1869ರಲ್ಲಿ ಟೋನೆಟರ ಏಕಸ್ವಾಮ್ಯವು ಕೊನೆಗೊಂಡಿತು. ಯಾಕೋಬ್ ಮತ್ತು ಯೋಸೆಫ್ ಕೋನ್ ಮೊದಲಾದವರ ಕಾರ್ಖಾನೆಗಳು ಅದೇ ಆಕಾರಗಳನ್ನು ತಯಾರಿಸತೊಡಗಿದವು. ಒಂದೇ ಆಕಾರವು ಹಲವು ದಶಕಗಳ ಕಾಲ ನಡೆದುಬಂದುದರಿಂದ ಆಕಾರವೊಂದರಿಂದಲೇ ಕರ್ತೃವನ್ನಾಗಲಿ ಕಾಲವನ್ನಾಗಲಿ ನಿರ್ಣಯಿಸಲಾಗದು. ಬೆತ್ತದ ಹೆಣಿಗೆಯೂ ಪ್ರಮಾಣವಲ್ಲ. ಅದು ಹರಿದಂತೆಲ್ಲ ಹೊಸದಾಗಿ ಹೆಣೆಯಲ್ಪಡುವಂಥದು.

ಉಳಿದಿರುವ ಪ್ರಬಲ ಸಾಧನವೆಂದರೆ ಪೀಠದ ಚೌಕಟ್ಟಿನ ಒಳಮೈಯಲ್ಲಿರುವ ಮುದ್ರೆ ಅಥವಾ ಅಂಟಿಸಿದ ಚೀಟಿ. ಇದು ಕುರ್ಚಿಯ ಶಾಸನವೇ ಸರಿ. ಟೋನೆಟರ ಮುಖ್ಯ ಕಾರ್ಖಾನೆಗಳಿದ್ದ ಮೊರಾವಿಯ ಪ್ರಾಂತವು 1918ರವರೆಗೆ ಆಸ್ಟ್ರಿಯಾಕ್ಕೆ ಸೇರಿದ್ದು, ಆ ಮೇಲೆ ಚೆಕೊಸ್ಲೊವಾಕಿಯಾಕ್ಕೆ ಸೇರಿತು. ಆದುದರಿಂದ ಚೆಕೊಸ್ಲೊವಾಕಿಯಾ ಎಂಬ ಹೆಸರುಳ್ಳ ಚೀಟಿ 1918ಕ್ಕಿಂತ ಹಿಂದಿನದಾಗಲಾರದು. ಕೋನ್ ಮತ್ತು ಮುಂಡುಸ್ ಸಂಸ್ಥೆಗಳು ಒಂದಾದುದು 1914ರಲ್ಲಿ. ಇಬ್ಬರ ಹೆಸರೂ ಕೂಡಿರುವ ಮುದ್ರೆಗೆ ಅದೇ ಪೂರ್ವಾವಧಿ.

ಕಡೂರು ಸೀಮೆಯ ದೇವನೂರು ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧ. ಅಂಥ ಊರಿನ ಹಳೆಯ ಮನೆಯಲ್ಲಿ ಇಂಥ ಕುರ್ಚಿ ದೊರೆತರೂ ಪರೀಕ್ಷೆಯ ಕ್ರಮ ಇದೇ. ಹಳೆಯದನ್ನು ಹೊಸದಾಗಿಸುವ ಉತ್ಸಾಹದಲ್ಲಿ ಒಳಮೈಯನ್ನು ಉಜ್ಜಿ ಬಣ್ಣ ಬಳಿದರೆ, ಅಕ್ಷರಗಳನ್ನು ಕೆತ್ತಿಹಾಕಿದ ಶಾಸನದಂತೆ ಆ ಕುರ್ಚಿಯೂ ಮೂಕವಾಗುವುದು.